ಯಾರೂ ನೋಡದ ಮೊದಲ ನಕ್ಷೆ

ನಮ್ಮ ಪ್ರಯೋಗಾಲಯದಲ್ಲಿ ಮೊದಲ ನಕ್ಷೆಯನ್ನು ಯಾರೂ ನೋಡುವುದಿಲ್ಲ. ಅದು ಪ್ರಯೋಗಾಲಯ ನಡೆಸುವ ನಮ್ಮ ಮೇಷ್ಟ್ರು ಹಾಕಿಕೊಟ್ಟ ರೂಢಿ. "ಅದರಲ್ಲೇನಿರುತ್ತಮ್ಮಾ, ಎಲ್ಲಾ ಕೆಂಪೇ. ಎರಡನೇದು ನೋಡು, ಕಥೆ ಇರೋದು ಅಲ್ಲಿ" ಅನ್ನುತ್ತಿದ್ದರು. ಅವರ ಮಾತಿಗೆ ಎದುರಾಡಿದವರು ಯಾರೂ ಇಲ್ಲ.

ಕೆಲಸ ಇಷ್ಟೇ. ಅಪ್ಪನ ಹೃದಯದಲ್ಲೂ ಕೈನರಗಳಲ್ಲೂ ಗಂಟುಗಟ್ಟುತ್ತಿರುವ ಪ್ರೋಟೀನನ್ನೇ ನಾವು ಬೆರಳಗಲದ ಪಾರದರ್ಶಕ ಡಬ್ಬಿಯಲ್ಲಿಟ್ಟು ಹಂತಹಂತವಾಗಿ ಬಿಸಿ ಮಾಡುತ್ತೇವೆ. ಪ್ರತಿ ಹಂತದಲ್ಲೂ ಎಡಕ್ಕೆ ತಿರುಗುವ ಬೆಳಕು, ಬಲಕ್ಕೆ ತಿರುಗುವ ಬೆಳಕು ಎರಡನ್ನೂ ಹಾಯಿಸಿ, ಕಂಪಿಸುವ ಅಣು ಯಾವುದನ್ನು ಹೆಚ್ಚು ನುಂಗಿತು ಎಂದು ಅಳೆಯುತ್ತೇವೆ. ಜೀವದ ಅಣುಗಳಿಗೆ ಎಡಗೈ ಬಲಗೈ ಎಂಬ ಭೇದವಿದೆ. ಹಾಗಾಗಿ ಬರುವ ಗೆರೆ ಸೊನ್ನೆಯ ಮೇಲೂ ಏಳುತ್ತದೆ, ಕೆಳಗೂ ಇಳಿಯುತ್ತದೆ. ಗೆರೆಗಳನ್ನೆಲ್ಲ ಒಟ್ಟು ಹಾಕಿ ಕಂಪ್ಯೂಟರು ಎರಡು ನಕ್ಷೆ ಬಿಡಿಸುತ್ತದೆ. ಯಾವ ಬದಲಾವಣೆಗಳು ಒಂದೇ ದಿಕ್ಕಿಗೆ ಹೋದವು, ಯಾವುವು ಎದುರುಬದುರಾದವು ಎಂಬುದು ಮೊದಲನೆಯದರಲ್ಲಿ. ಒಂದೇ ದಿಕ್ಕಾದರೆ ಕೆಂಪು. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಎರಡನೆಯದರಲ್ಲಿ.

ಎರಡನೆಯದು ಹೇಳಿದ್ದು ಒಳ್ಳೆಯ ಸುದ್ದಿ. ಮೊದಲು ಪ್ರೋಟೀನಿನ ಸುರುಳಿ ಸಡಿಲವಾಗುತ್ತದೆ, ಗಂಟು ಆಮೇಲೆ. ಅಂದರೆ ಸುರುಳಿಯನ್ನು ಬಿಗಿಹಿಡಿಯುವ ಮದ್ದು ಕೊಟ್ಟರೆ ಗಂಟೇ ಕಟ್ಟುವುದಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಅದನ್ನೇ ನಂಬಿ ಮದ್ದಿನ ಪರೀಕ್ಷೆಗೆ ರೋಗಿಗಳನ್ನು ಆರಿಸಿದ್ದರು. ಅವರಲ್ಲಿ ಅಪ್ಪನೂ ಒಬ್ಬ. ಬೇರೆ ಯಾವ ಔಷಧವೂ ಅವನಿಗೆ ನಾಟಿರಲಿಲ್ಲ.

ಡಾಕ್ಟರಮ್ಮ "ಎರಡೂ ನಕ್ಷೆ ಕಳ್ಸಿ, ಗೋಡೆಗೆ ಹಾಕಿದ್ರೆ ಚೆನ್ನಾಗಿ ಕಾಣುತ್ತೆ" ಅಂದಿದ್ದರಿಂದ ಇವತ್ತು ಬೆಳಿಗ್ಗೆ ಮೊದಲನೆಯದನ್ನೂ ಮುದ್ರಿಸಿದೆ. ಸುರುಳಿಯೂ ಗಂಟೂ ಸಂಧಿಸುವ ಕಡೆ ಕೆಂಪು ಇರಬೇಕಿತ್ತು. ನೀಲಿ ಇತ್ತು.

ನೀಲಿ ಎಂದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತಿದೆ. ಆಗ ಎರಡನೇ ನಕ್ಷೆಯನ್ನು ತಿರುವಿ ಓದಬೇಕು. ಮುಂದಿನದು ಹಿಂದೆ, ಹಿಂದಿನದು ಮುಂದೆ. ಮೇಷ್ಟ್ರು ಆಯುಷ್ಯವೆಲ್ಲ ಸವೆಸಿದ್ದು ಮಾಮೂಲಿ ಬೆಳಕಿನಲ್ಲಿ, ಗೆರೆಗಳೆಲ್ಲ ಒಟ್ಟಿಗೇ ಏರುವ ವಸ್ತುಗಳ ಮೇಲೆ. ಆ ರೂಢಿಯನ್ನೇ ಹೊತ್ತುಕೊಂಡು ಎಡ-ಬಲದ ಲೋಕಕ್ಕೆ ಬಂದಿದ್ದರು.

ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ.

"ಪ್ರಿಂಟರ್ ಬಣ್ಣ ಕೆಟ್ಟಿರ್ಬೇಕು" ಅಂದರು.

"ಪರದೆ ಮೇಲೂ ನೀಲೀನೇ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ಹಾಗಾದ್ರೆ ಗಂಟೇ ಮೊದಲು."

"ಹೌದು ಸಾರ್."

"ಗಂಟು ಬಿದ್ಮೇಲೆ ಸುರುಳಿ ಹಿಡ್ಕೊಂಡು ಏನ್ಮಾಡೋದು, ಮಣ್ಣು!" ಎಂದು ತಾವೇ ಫೋನೆತ್ತಿ ಡಾಕ್ಟರಮ್ಮನಿಗೆ ಪರೀಕ್ಷೆ ನಿಲ್ಲಿಸಲು ಹೇಳಿದರು. ಫೋನಿಟ್ಟು, "ನಿಮ್ಮಪ್ಪ..." ಎಂದು ಮುಖ ಆಚೆ ತಿರುಗಿಸಿದರು. ಬಾಯಿಗೆ ಬಂದಂತೆ ಬೈಯೋಣವೆಂದರೆ ಮನುಷ್ಯ ಅಳುತ್ತಿದ್ದ. ಹಾಳೆ ಎತ್ತಿಕೊಂಡು ಹೊರಟೆ.

ಮನೆಗೆ ಬಂದರೆ ಅಪ್ಪ ಮೇಜಿನ ಮುಂದೆ ನಿಂತಿದ್ದ. ಅವನು ದರ್ಜಿ. ಬೆರಳುಗಳಿಗೆ ಜೋಮು ಹಿಡಿದ ಮೇಲೆ ಅಂಗಡಿ ಮುಚ್ಚಿದ್ದ. ಕೈ ಸರಿಹೋದ ಮೇಲೆ ನನಗೊಂದು ಕೋಟು ಹೊಲಿಯುತ್ತೇನೆಂದು ಎತ್ತಿಟ್ಟಿದ್ದ ಕಪ್ಪು ಬಟ್ಟೆ ಈಗ ಮೇಜಿನ ತುಂಬ ತುಂಡುತುಂಡಾಗಿ ಹರಡಿತ್ತು.

"ತಡೆಯೋಕಾಗ್ಲಿಲ್ಲ ಪುಟ್ಟಾ. ಮದ್ದು ಶುರುವಾಗೋದ್ರೊಳಗೆ ಕತ್ತರಿಸೋ ಕೆಲ್ಸ ಮುಗಿದಿರ್ಲಿ ಅಂತ."

ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ. ಆಮೇಲೆ ಹೇಳೋಣವೆಂದರೆ ಆಗುತ್ತಿರಲಿಲ್ಲ.

ಅವನು ಸೀಮೆಸುಣ್ಣದ ಚೂರನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಂಡ. "ಅಂದ್ರೆ ನಿಮ್ಮ ಮೇಷ್ಟ್ರು ಬಟ್ಟೆ ಮಗುಚಿ ನೋಡಿಲ್ಲ" ಎಂದು ನಕ್ಕ. "ಹೋಗ್ಲಿ ಬಿಡು. ಕೋಟಾದ್ರೂ ಮುಗಿಸೋಣ. ಇದೊಂದಕ್ಕೆ ಯಾವ ಡಾಕ್ಟ್ರೂ ಬೇಡ."

ಎರಡು ತೋಳಿನ ತುಂಡುಗಳನ್ನು ಪಕ್ಕಪಕ್ಕ ಇಟ್ಟ. ಮಡಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಲು ಬಟ್ಟೆ ಸಾಲದೆ ಒಂದೊಂದಾಗಿ ಕತ್ತರಿಸಿದ್ದ. ಕಣ್ಣಿಗೆ ಸರಿಯಾದ ಜೋಡಿಯೇ. ಆ ಬಟ್ಟೆ ಎರಡು ಬದಿಯೂ ಒಂದೇ ಕಪ್ಪು. ನುಣುಪಾದ ಹೊರಬದಿ ಯಾವುದೆಂದು ತಿಳಿಯುವುದು ಸವರಿದಾಗ ಮಾತ್ರ. "ಕಣ್ಣಿಗೆ ಮೋಸ ಆಗ್ಬಹುದು, ನನ್ನ ಹೆಬ್ಬೆರಳಿಗಲ್ಲ" ಎಂದು ಅವನು ಅಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದುದನ್ನು ಕೇಳುತ್ತಲೇ ನಾನು ಬೆಳೆದವಳು.

ಸುಮ್ಮನೆ ಕೈಯಾಡಿಸಿದೆ. ಒಂದು ತೋಳಿನ ನುಣುಪು ಮೇಲಿತ್ತು. ಇನ್ನೊಂದರದು ಮೇಜಿಗೆ ಅಂಟಿಕೊಂಡಿತ್ತು. ನುಣುಪು ಹೊರಗೆ ಬರುವಂತೆ ಹೊಲಿದರೆ ಎರಡೂ ಎಡತೋಳೇ.

"ಜೋಡಿ ಹೇಗಿದೆ?" ಅಂದ.

"ಚೆನ್ನಾಗಿದೆ ಅಪ್ಪಾ."

"ನೋಡ್ದ್ಯಾ! ನನ್ನ ಹೆಬ್ಬೆರಳು ಇನ್ನೂ ಸತ್ತಿಲ್ಲ."

ಸೂಜಿಗೆ ದಾರ ಪೋಣಿಸಲು ಅವನಿಗೆ ಆಗಲಿಲ್ಲ. ನಾನೇ ಪೋಣಿಸಿ ಕೊಟ್ಟೆ.