ಉಪ್ಪು ಹಾಕಿದ ಐಸು

"ಮುಚ್ಚಳ ಬಿಡಿ ಅಕ್ಕಾ, ಶಿವನಿ ಸ್ಟೇಷನ್ನಿಗೆ ರೈಲು ಬರೋ ಹೊತ್ತಾಯ್ತು" ಎಂದು ಕುಲ್ಫಿ ಮಾರುವ ಹಾಲೇಶ ತನ್ನ ಪೆಟ್ಟಿಗೆಯನ್ನು ಎಳೆದ.

ದೀಪಶ್ರೀ ಕೈ ತೆಗೆಯಲಿಲ್ಲ. ನಿನ್ನೆ ಮಣ್ಣು ಮಾಡಿದ ಅವಳ ಗಂಡ ವಿಶ್ವನಾಥ್ ವಾರದ ಹಿಂದೆ ಇವನಿಂದ ಕೇಳಿ ತಂದ ಪೆಟ್ಟಿಗೆ. ಒಳಗೆ ಎರಡು ತಟ್ಟೆ ಎಲೆಕೋಸಿನ ಸಸಿ.

"ನಿನ್ನ ಉಪ್ಪು ಈ ಸಸಿಗಳನ್ನೂ ತಿಂದಿರುತ್ತೆ" ಎಂದಳು.

*

"ಅಜ್ಜಂಪುರದಲ್ಲಿ ಯಾವ ಗಿಡ ಹೆಪ್ಪುಗಟ್ಟುತ್ತೆ ರೀ?" ವಾರದ ಹಿಂದೆ ಅಡುಗೆಮನೆಯಲ್ಲಿ ಪೆಟ್ಟಿಗೆ ಎಡವಿ ಅವಳು ರೇಗಿದ್ದಳು. ವಿಶ್ವನಾಥ್ ಕಡೂರಿನ ಕಾಲೇಜಿನಲ್ಲಿ ಮೇಷ್ಟ್ರು, ಸಸ್ಯಶಾಸ್ತ್ರದ ಎಂ.ಎಸ್ಸಿ. ಅವಳದು.

"ನೀನೇ ಹೇಳಿದ್ದಲ್ಲ ಕಣೇ? ಸ್ವಲ್ಪ ಸ್ವಲ್ಪವೇ ಚಳಿ ತಗುಲಿದ್ರೆ ಗಿಡ ಒಳಗೊಳಗೇ ಪ್ರೋಟೀನ್ ಮಾಡ್ಕೊಳ್ಳುತ್ತೆ, ಆಮೇಲೆ ಹೆಪ್ಪುಗಟ್ಟೋ ಚಳೀನೂ ತಡ್ಕೊಳ್ಳುತ್ತೆ ಅಂತ. ಹುಡುಗ್ರು ನಂಬಲ್ಲ. ತೋರಿಸ್ಬೇಕು."

ಕೆಂಪು ದಾರ ಕಟ್ಟಿದ ತಟ್ಟೆ ವಾರವೆಲ್ಲ ಪೆಟ್ಟಿಗೆಯ ಬರೀ ಐಸಿನ ತಂಪಿನಲ್ಲಿ, ಗಾಜಿನ ಮುಚ್ಚಳದಡಿ ಇತ್ತು. ಇನ್ನೊಂದು ಜಗಲಿಯ ಬೆಚ್ಚನೆಯಲ್ಲಿ. ಶನಿವಾರ ಎರಡನ್ನೂ ಪೆಟ್ಟಿಗೆಯೊಳಗಿಟ್ಟು, "ನಾಳೆ ಐಸಿಗೆ ಉಪ್ಪು ಹಾಕಿ ಇನ್ನೂ ತಣ್ಣಗೆ ಮಾಡಿ ಹೆಪ್ಪುಗಟ್ಟಿಸೋಣ" ಎಂದವನು ಬೆಳಿಗ್ಗೆ ಏಳಲಿಲ್ಲ.

*

ಹಾರಗಳು ಬಾಡದಿರಲೆಂದು ವಿಶ್ವನಾಥನ ಸೋದರತ್ತೆ ದಾಕ್ಷಾಯಣಮ್ಮ ಹಾಲೇಶನಿಂದ ಪೆಟ್ಟಿಗೆಯ ಹೊರಗೂಡಿಗೆ ಐಸು ತುಂಬಿಸಿ, ಒಳಗೂಡಿನ ಸಸಿಗಳ ಪಕ್ಕಕ್ಕೇ ಹಾರ ತುರುಕಿದ್ದರು. ತರೀಕೆರೆಯ ನೆಂಟರು ಬರುವಷ್ಟರಲ್ಲಿ ಚೆಂಡುಹೂವು ಕಲ್ಲಾಗಿತ್ತು.

"ಏನ್ಲಾ ಹಾಲೇಶ, ಹಾರ ಕಟಕಟ ಅಂತೈತೆ!" ದಾಕ್ಷಾಯಣಮ್ಮ ಕೂಗಿದರು.

"ಐಸು ಅಂದ್ಮೇಲೆ ಕೈ ತಾನೇ ಉಪ್ಪು ಹಾಕ್ಬಿಡ್ತು ಕಣಮ್ಮಾ. ಇಪ್ಪತ್ತು ವರ್ಷದ ಅಭ್ಯಾಸ."

"ಸತ್ತವನಿಗೂ ಕುಲ್ಫಿ ಮಾಡ್ತೀಯೇನೋ!"

ಗೋಡೆಗೆ ಒರಗಿಸಿ ಕೂರಿಸಿದ್ದ ವಿಶ್ವನಾಥನ ಕೊರಳಲ್ಲಿ ಹಾರ ಕರಗಿ, ಎದೆಯ ವಿಭೂತಿಯ ಮೇಲೆ ತೊಟ್ಟಿಕ್ಕಿತು. ದೀಪಶ್ರೀ ಒರೆಸಿದಳು. ಮತ್ತೆ ತೊಟ್ಟಿಕ್ಕಿತು.

"ಇನ್ಮೇಲೆ ಗಟ್ಟಿಯಾಗ್ಬೇಕು ಕಣೇ ನೀನು" ಎಂದರು ದಾಕ್ಷಾಯಣಮ್ಮ.

"ಒಂದೇ ರಾತ್ರೀಲಾ ಅತ್ತೆ?"

ಅವರಿಗೆ ಅರ್ಥವಾಗಲಿಲ್ಲ. ಮಜ್ಜಿಗೆಯ ಲೋಟ ಮುಂದೆ ಹಿಡಿದರು.

*

ಹಾಲೇಶ ಪೆಟ್ಟಿಗೆಯನ್ನು ಎಳೆಯುವುದು ಬಿಟ್ಟ. ದೀಪಶ್ರೀ ಮುಚ್ಚಳ ತೆಗೆದಳು.

ಒಂದು ತಟ್ಟೆಯ ಸಸಿಗಳು ಬೆಂದ ಸೊಪ್ಪಿನಂತೆ ಕಪ್ಪಾಗಿ ಮಲಗಿದ್ದವು. ಕೆಂಪು ದಾರದ ತಟ್ಟೆಯಲ್ಲಿ ಎಲ್ಲವೂ ನಿಂತಿದ್ದವು, ಎಲೆಯ ಅಂಚಿನಲ್ಲಿ ನೀರು.

"ಅರೆ! ಇವು ಬದುಕ್ಯವೆ!" ಎಂದ ಹಾಲೇಶ, ಸತ್ತ ತಟ್ಟೆಯನ್ನು ತಿಪ್ಪೆಗೆ ಚೆಲ್ಲಲು ಎತ್ತಿಕೊಂಡ.

"ಚೆಲ್ಬೇಡ್ವೋ. ಕಡೂರಿನ ಹುಡುಗ್ರಿಗೆ ಎರಡೂ ತೋರಿಸ್ಬೇಕು."

ಎರಡೂ ತಟ್ಟೆಗಳನ್ನು ಜಗಲಿಯಲ್ಲಿಟ್ಟು, ಪೆಟ್ಟಿಗೆಯ ಮೂಲೆಗೆ ಅಂಟಿದ್ದ ಚೆಂಡುಹೂವಿನ ಎಸಳುಗಳನ್ನು ಉಗುರಿನಿಂದ ಕೆರೆದು ತೆಗೆದು, ಪೆಟ್ಟಿಗೆಯನ್ನು ತಾನೇ ಎತ್ತಿ ಅವನ ಗಾಡಿಯ ಹಿಂದೆ ಇಟ್ಟಳು. ಅಡುಗೆಮನೆಯ ನೆಲದಲ್ಲಿ ಪೆಟ್ಟಿಗೆಯಷ್ಟೇ ಅಗಲದ ಒದ್ದೆ ಚೌಕ ಉಳಿದಿತ್ತು. ಅವಳು ಅದನ್ನು ತುಳಿಯದೆ ಸುತ್ತಿಕೊಂಡೇ ಒಲೆಯ ಹತ್ತಿರ ಹೋದಳು.