ತೊಡೆಯ ಮೇಲಿನ ಕಲ್ಲು

ಮಣ್ಣೊಳಗಿದ್ದ ತುದಿ ಇನ್ನೂ ತಣ್ಣಗಿದೆ, ಸೀರೆ ದಾಟಿ ತೊಡೆಗೆ ತಾಗುತ್ತಿದೆ, ಬಸ್ಸು ಎತ್ತಿ ಹಾಕಿದಾಗಲೆಲ್ಲ ಮಗು ಮಗ್ಗುಲು ಬದಲಿಸಿದ ಹಾಗೆ — ಆರು ವರ್ಷದ ಲಿಂಗಿ ಹೀಗೇ ಮಲಗುತ್ತಿದ್ದಳು, ತಲೆ ಇಲ್ಲಿ, ಕಾಲು ನೆಲಕ್ಕೆ — ಏನಜ್ಜಿ, ಎಮರ್ಜೆನ್ಸಿ ಕಾಲ, ಕಲ್ಲು ಹಿಡ್ಕೊಂಡು ಓಡಾಡ್ತಿದೀರ, ಅಂತ ಕಂಡಕ್ಟರು, ಸುತ್ತ ಕೂತವರು ನಕ್ಕರು, ನಾನೂ ನಕ್ಕೆ, ಇಪ್ಪತ್ತಮೂರು ವರ್ಷದ ಹಿಂದೆ ಹೋದ ಮಗಳಪ್ಪಾ ಇದು ಅಂತ ಹೇಳೋಕಾಗುತ್ತಾ, ಕೆಂಗೇರಿಗೆ ಎರಡು ಕೊಡು ಅಂದೆ. ಪಕ್ಕದಲ್ಲಿ ಮೈದುನ ಮುನಿರಾಜು, ಕಲ್ಲು ಹೊತ್ತು ಹೆಗಲು ಕೆಂಪಾಗಿದೆ. ವಿಜಯನಗರದಲ್ಲಿ ನಮ್ಮ ಹೊಲವಿದ್ದ ಕಡೆ ಈಗ ಸೈಟು, ನಾಳಿದ್ದು ಪಾಯ ತೆಗೀತಾರಂತೆ, ಸೈಟಿನಾಕೆ ಅಂಬುಜಮ್ಮ ಒಳ್ಳೆಯವರು, ಇದು ನನ್ನ ಕೂಸಿನ ಕಲ್ಲು ಕೊಟ್ಟುಬಿಡಿ ಅಂತ ಕೈ ಮುಗಿದರೆ ಒಂದು ಗಳಿಗೆ ಮುನಿರಾಜು ಮುಖ ನೋಡಿದರು, ಆಮೇಲೆ ತಗೊಂಡು ಹೋಗಿ ತಾಯಿ ಅಂದರು. ಹಿತ್ತಲಲ್ಲಿ ನೆಟ್ಟುಬಿಟ್ಟರೆ ನಾನಿರೋವರೆಗೆ ಕಣ್ಣೆದುರಿಗಿರುತ್ತಾಳೆ, ಪಿತೃಪಕ್ಷಕ್ಕೆ ಹೀಗೆ ಬಸ್ಸು ಹತ್ತೋದು ತಪ್ಪುತ್ತೆ — ಮಣ್ಣು ಮಾಡಿದ ಜಾಗ ನಾನು ಕಂಡವಳಲ್ಲ, ನಮ್ಮಲ್ಲಿ ಮಣ್ಣಿಗೆ ಹೆಂಗಸರು ಹೋಗೋ ಹಾಗಿಲ್ಲ, ಬಾಗಿಲಲ್ಲೇ ಹಿಡಿದುಕೊಂಡರು, ದೂರದಲ್ಲಿ ಬಿನ್ನಿ ಮಿಲ್ಲು ಕೂಗಿತು, ನನ್ನ ಯಜಮಾನರು ವಾಪಸ್ಸು ಬಂದು ಕೈಕಾಲು ತೊಳೆದುಕೊಂಡು, ಹೊಂಗೆ ಮರದ ಹತ್ತಿರ, ಒಂದು ಕಲ್ಲಿಟ್ಟಿದೀನಿ, ಅಂದರು, ಅಷ್ಟೇ.

ಹೊಲ ಇರೋವರೆಗೆ ಎಡೆ ಅವರೇ ಇಟ್ಟು ಬರೋರು, ಆಮೇಲೆ ಹೊಲ ಲೇಔಟಿಗೆ ಹೋಯಿತು, ಮರ ಕಡಿದರು, ನಾವು ಕೆಂಗೇರಿಗೆ ಬಂದೆವು, ಮೊದಲ ಪಿತೃಪಕ್ಷದ ಅಮಾವಾಸ್ಯೆಗೆ ನಾನೂ ಎಡೆ ತಗೊಂಡು ಹೋದರೆ ಎಲ್ಲಾ ಬಟಾಬಯಲು, ನಡುವೆ ಹೊಸ ರೋಡು, ಅದರ ಪಕ್ಕ ಮಣ್ಣು ಮೆತ್ತಿಕೊಂಡು ಈ ಕಲ್ಲು ಮಾತ್ರ ನಿಂತಿತ್ತು, ಇದೇ ಅಲ್ವಾ ಅಂದೆ, ಅವರು ಬಹಳ ಹೊತ್ತು ನೋಡಿ ಹೂಂ ಅಂದರು. ಅರಿಶಿನ, ಕುಂಕುಮ, ಹಾಲು, ಅವಳಿಗೆ ಇಷ್ಟ ಅಂತ ಪುರಿ ಕಡ್ಲೆ, ಹನ್ನೊಂದು ವರ್ಷ. ನಾನು ಎಡೆ ಇಡುವಾಗ ಅವರು ಹತ್ತಿರ ಬರುತ್ತಿರಲಿಲ್ಲ, ಎಕ್ಕಡ ಬಿಚ್ಚಿ ರೋಡಿನ ಅಂಚಿಗೆ ಜೋಡಿಸಿಟ್ಟು ಟಾರಿನ ನಡುವೆ ಬರಿಗಾಲಲ್ಲಿ ನಿಲ್ಲೋರು, ಸೈಕಲ್ಲಿನವರು ಬೆಲ್ಲು ಹೊಡೆದು ಬೈದುಕೊಂಡು ಹೋಗೋರು, ಕಾಲು ಸುಡಲ್ವಾ, ಈ ಕಡೆ ಬನ್ನಿ ಅಂದರೆ, ಇರಲಿ ಬಿಡು, ಕಾಲು ಹಿಡ್ಕೊಂಡಿದೆ, ಬಿಸಿಗೆ ಬಿಡುತ್ತೆ — ಹೋದ ಮಾಘದಲ್ಲಿ ಅವರೂ ಹೋದರು, ಆ ಎಕ್ಕಡ ಇನ್ನೂ ಬಾಗಿಲ ಸಂದಿಯಲ್ಲಿದೆ, ಎಸೆಯೋಕೆ ಕೈ ಬರಲಿಲ್ಲ — ನಾಯಂಡಹಳ್ಳಿ, ಹೊಳೆ ವಾಸನೆ, ಇದೇ ಹೊಳೆಯಲ್ಲಿ ಲಿಂಗಿಗೆ ಸ್ನಾನ ಮಾಡಿಸಿದ್ದೆ, ಆಗ ಮರಳು ಕಾಣುತ್ತಿತ್ತು — ಬ್ರೇಕು ಹಾಕಿದ ಏಟಿಗೆ ಅರಿಶಿನದ ಹಕ್ಕಳೆ ಎದ್ದಿದೆ, ಉಗುರಲ್ಲಿ ಕೆರೆದರೆ ಒಳಗೆ ಬಿಳಿ ಬಣ್ಣ, ಎರಡು, ಒಂದು, ನಾಕು, ಅಕ್ಷರ ಬಾರದಿದ್ದರೂ ಅಂಕಿ ಬರುತ್ತೆ ನನಗೆ, ಬಸ್ಸು ಹತ್ತೋದೇ ನಂಬರು ನೋಡಿ, ಮಗುವಿಗಿಟ್ಟ ಕಲ್ಲಿನ ಮೇಲೆ ನಂಬರು ಯಾರು ಬರೆದರು. ಮುನಿರಾಜು, ಅಂದೆ. ಕಿಟಕಿ ಕಡೆ ತಿರುಗಿಕೊಂಡ. ಮುನಿರಾಜು. ಅದು ಸರ್ವೇಯವರು ನೆಟ್ಟಿದ್ದು ಅತ್ತಿಗೆ, ಸೈಟಿನ ಕಲ್ಲು, ಮಗು ಮೇಲೆ ರೋಡು ಬಂತು, ಅಣ್ಣ ಆವತ್ತೇ ನೋಡ್ದ, ನಿಮ್ಗೆ ಹೇಳಿದ್ರೆ ತಡ್ಕೊಳಲ್ಲ ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡ.

ಕೆಳಗಿಡಿ ಅತ್ತಿಗೆ, ಭಾರ, ಅಂತಾನೆ, ಇಡೋದು ಹೇಗೆ, ಹನ್ನೊಂದು ವರ್ಷ ಹಾಲು ಕುಡಿದಿದೆ, ಯಾರದೋ ಸೈಟಿನ ಮೂಲೆ ನನ್ನ ತೊಡೆ ಮೇಲೆ ಮಲಗಿದೆ, ರೋಡಲ್ಲಿ ಎಲ್ಲಿ ಅಂತ ಕೇಳಬೇಕು, ಬಾಯಿಗೆ ಬಂತು, ಯಾಕೆ ಕೇಳಬೇಕು, ಗೊತ್ತಲ್ಲ, ಕಾಲು ಸುಡಲ್ವಾ, ಈ ಕಡೆ ಬನ್ನಿ, ನಾನೇ ಕರೆದೆನಲ್ಲ ವರ್ಷ ವರ್ಷ, ಇರಲಿ ಬಿಡು, ಸೈಕಲ್ಲಿನ ಬೆಲ್ಲು, ಹಾಲಿನ ಚೊಂಬು ಕೈಯಲ್ಲಿ ಹಿಡಿದು ತಿರುಗಿ ನೋಡಿದರೆ ರೋಡಿನ ಅಂಚಿಗೆ ಎಕ್ಕಡ, ಜೋಡಿಸಿಟ್ಟ ಎಕ್ಕಡ