ಸೊನ್ನೆ ಬರೆದ ನಲವತ್ತು ಚೌಕ

ಚಂಡಮಾರುತ ಹೋಗಿ ಮೂರು ವಾರವಾದ ಮೇಲೆ, ನಾನು ನಲವತ್ತು ಚೌಕಗಳ ಎದುರು ನಲವತ್ತು ಸೊನ್ನೆ ಬರೆದು ಮೇಡಂ ಕೈಗೆ ಕೊಟ್ಟೆ.

ಮೇಡಂ ನಡೆಸುವ ಕಡಲ ಸಂಶೋಧನಾ ಕೇಂದ್ರದಲ್ಲಿ ನನ್ನ ಕೆಲಸ ಹುಲ್ಲು ಎಣಿಸುವುದು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗಿಳಿದು, ಕಬ್ಬಿಣದ ಚೌಕಟ್ಟನ್ನು ತಳದಲ್ಲಿಟ್ಟು, ಅದರೊಳಗೆ ಕಡಲಹುಲ್ಲಿನ ಎಲೆ ಎಷ್ಟಿವೆ ಎಂದು ನಮೂನೆಯಲ್ಲಿ ಬರೆಯಬೇಕು. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಹೇಳಿ ಮಾಡಿಸಿದ ಕೆಲಸ. ಯಾರ ಜೊತೆಗೂ ಮಾತಾಡಬೇಕಿಲ್ಲ. ಹುಲ್ಲು ಪ್ರಶ್ನೆ ಕೇಳುವುದಿಲ್ಲ.

ಈ ಸಲ ಎಣಿಸಲು ಎಲೆಯೇ ಇರಲಿಲ್ಲ. ಅಲೆಗಳು ಎಲೆಯನ್ನೆಲ್ಲ ಕತ್ತರಿಸಿ ದಂಡೆಗೆ ಎಸೆದಿದ್ದವು. ಅಲ್ಲಿ ಅದು ಸೊಂಟದೆತ್ತರ ರಾಶಿಯಾಗಿ ಕೊಳೆಯುತ್ತಿತ್ತು. ತಳದಲ್ಲಿ ನಾಲ್ಕು ಬೆರಳು ದಪ್ಪ ಹೊಸ ಮರಳು. ಆದರೆ ನಡೆಯುವಾಗ ಮರಳಿನಡಿ ಗಟ್ಟಿಯಾದ, ಗಂಟುಗಂಟಾದ ಏನೋ ಕಾಲ್ಬೆರಳಿಗೆ ಸಿಗುತ್ತಿತ್ತು. ಈ ಹುಲ್ಲು ಗರಿಕೆಯ ಹಾಗೆ. ಮೇಲೆ ಬೋಳಾದರೂ ಅಡಿಯಲ್ಲಿ ಅಡ್ಡಡ್ಡ ಹರಿಯುವ ಕಾಂಡ ಬದುಕಿದ್ದರೆ ಮತ್ತೆ ಚಿಗುರುತ್ತದೆ. ನನಗೆ ಅದು ಗೊತ್ತಿತ್ತು. ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಸೊನ್ನೆ ಬರೆದೆ.

ಮಧ್ಯಾಹ್ನವೇ, ಕೇಂದ್ರದ ನಕ್ಷೆಗಳನ್ನು ಬಿಡಿಸುವ ನಕ್ಷೆ ಸಾರ್ ಗೋಡೆಯ ಮೇಲಿನ ನಕ್ಷೆಗೆ ಬೂದಿ ಬಣ್ಣ ಬಳಿದರು. ಅವರು ನೀರಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಬೂಟಿನ ಹೊಳಪೇ ಸಾಕ್ಷಿ.

“ಸತ್ತ ಜಾಗ. ಅರ್ಧಕ್ಕಿಂತ ಹೆಚ್ಚು ಬದುಕಿದ್ರೆ ಬಂದರಿನವರು ದೋಣಿ ಕಾಲುವೆನ ಸುತ್ತು ಹಾಕಿ ಅಗೀಬೇಕಿತ್ತು. ಈಗ ನಡುವೆನೇ ಅಗೀಲಿ. ನಾಡಿದ್ದು ಬಂದರಿಗೆ ಪತ್ರ ಹೋಗುತ್ತೆ,” ಎಂದರು.

ನನ್ನನ್ನು ಸಾಕಿದ ಚಿಕ್ಕಮ್ಮ ಇಪ್ಪತ್ತು ವರ್ಷದಿಂದ ಚಿಪ್ಪು ಹೆಕ್ಕಿ ಮಾರುವುದು ಆ ಹುಲ್ಲಿನ ನಡುವೆಯೇ.

ಊಟಕ್ಕೆ ಕೂತಾಗ ಹೇಳಿದೆ. ಹೇಳಬಾರದಿತ್ತು.

“ಸತ್ತೋಯ್ತು ಅಂದೋರು ಯಾರೇ?”

“ಆಫೀಸಲ್ಲಿ.”

“ಆಫೀಸಲ್ಲಿ ಯಾರು?”

ನಾನು ತಟ್ಟೆ ನೋಡಿದೆ.

“ನೀನಾ!”

“ಎಲೆ ಇಲ್ಲ ಅಂತ ಬರೆದೆ, ಅಷ್ಟೇ. ಕಾಂಡಕ್ಕೆ ಕಾಲಂ ಇಲ್ಲ.”

“ತಲೆ ಬೋಳಿಸ್ಕೊಂಡೋರನ್ನೆಲ್ಲ ಹೆಣ ಅಂತ ಬರ್ಕೊಳ್ತೀಯಾ? ಬಾಯಲ್ಲಿ ಏನಿಟ್ಕೊಂಡಿದ್ದೆ, ಕಡುಬಾ?”

ಮರುದಿನ ಬೆಳಿಗ್ಗೆ ಆರು ಕಡೆ ಕೈಯಿಂದ ಅಗೆದು, ಸಿಕ್ಕಿದ ಕಾಂಡಗಳನ್ನು ಬಕೆಟ್ಟಿಗೆ ಹಾಕಿಕೊಂಡು ಮೇಡಂ ಕೋಣೆಯ ಬಾಗಿಲಲ್ಲಿ ನಿಂತೆ. ನಿಂತೇ ಇದ್ದೆ. ನಕ್ಷೆ ಸಾರ್ ಹಾದುಹೋಗುತ್ತ, “ನೆಲ ಒರೆಸೋಕೆ ಬಂದ್ಯಾ? ನನ್ನ ಮೇಜಿನ ಕೆಳಗೂ ಒರೆಸು,” ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸೀದಾ ಒಳಗೆ ಹೋಗಿ ಬಕೆಟ್ಟನ್ನು ಮೇಡಂ ಮೇಜಿನ ಮೇಲಿದ್ದ ಕಾಗದಗಳ ಮೇಲೇ ಇಟ್ಟೆ.

“ಇದೇನಮ್ಮಾ ಇದು!”

“ಬದುಕಿದೆ,” ಎಂದೆ.

ಮೇಡಂ ಒಂದು ಕಾಂಡವನ್ನು ಮುರಿದರು. ಪಟ್ಟೆಂದಿತು. ಒಳಗೆ ಬೆಳ್ಳಗಿತ್ತು.

“ಇದು ಗೊತ್ತಿದ್ದೂ ಸೊನ್ನೆ ಬರೆದ್ಯಾ?”

“ಕಾಲಂ ಇರ್ಲಿಲ್ಲ ಮೇಡಂ.”

ಅವರು ಹಣೆಗೆ ಕೈ ಹಚ್ಚಿ ಕೂತರು. ಎಂಟು ವರ್ಷದ ಹಿಂದೆ ಆ ನಮೂನೆ ಮಾಡಿದ್ದು ಅವರೇ.

“ಒಂದು ಬಕೆಟ್ ನೋಡಿ ನಕ್ಷೆ ಬದಲಾಯಿಸೋಕಾಗುತ್ತಾ ಮೇಡಂ?” ಎಂದರು ಬಾಗಿಲಲ್ಲಿ ನಕ್ಷೆ ಸಾರ್.

“ಆಗಲ್ಲ. ಅದಕ್ಕೇ ಇವಳು ನಲವತ್ತೂ ಅಗೆದು ನೋಡ್ತಾಳೆ. ನಾಳೆ ಮಧ್ಯಾಹ್ನದೊಳಗೆ.”

ಅಂದೇ ಸಂಜೆಯ ಇಳಿತಕ್ಕೆ ನೀರಿಗಿಳಿದಾಗ ಚಿಕ್ಕಮ್ಮ ಕರೆಯದೆಯೇ ಹಿಂದೆ ಬಂದಳು. ಮೊದಲ ಕೆಲವು ಚೌಕಗಳಲ್ಲಿ ಬಿಳಿ ಕಾಂಡ ಸಿಕ್ಕಿತು. ಅವಳು ಪ್ರತಿ ಸಲ ನಕ್ಷೆ ಸಾರ್‌ಗೆ ಒಂದೊಂದು ಬೈಗುಳ ಕೊಟ್ಟಳು. ಆಳದ ಕಡೆ ಹೋದಂತೆ ಕಾಂಡ ಕಪ್ಪಾಗಿತ್ತು. ಒತ್ತಿದರೆ ಮೆತ್ತಗೆ ಜಜ್ಜಿಹೋಗಿ, ಕೊಳೆತ ಮೊಟ್ಟೆಯ ನಾತ. ಕೆಲವು ಕಡೆ ಚಂಡಮಾರುತ ಬೇರುಸಮೇತ ಕಿತ್ತೊಯ್ದು ಬರೀ ಗುಂಡಿ ಉಳಿಸಿತ್ತು.

“ಇದು ಸತ್ತಿದೆ ಚಿಕ್ಕಮ್ಮ.”

“ಸತ್ತಿದ್ರೇನು? ಬದುಕಿದೆ ಅಂತ ಗೀಟು ಹಾಕು.”

“ಆಗಲ್ಲ.”

“ಇದು ನನ್ನ ಜಾಗ ಕಣೇ! ಒಂದು ಗೀಟು ಎಳೆದ್ರೆ ನಿನ್ನ ಗಂಟೇನು ಹೋಗುತ್ತೆ?”

“ಒಂದ್ಸಲ ಸುಳ್ಳು ಬರೆದಾಯ್ತಲ್ಲ, ಸಾಕು ಬಿಡು!” ಎಂದು ಕಿರುಚಿದೆ. ನಾನು ಕಿರುಚಿದ್ದು ನನಗೇ ಹೊಸದು. ಅವಳು ಬೆಪ್ಪಾಗಿ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ತಾನೇ ಅಗೆದಳು. ಇನ್ನೂ ಆಳಕ್ಕೆ, ಮೊಣಕೈವರೆಗೆ. ಕೈಗೆ ಕಪ್ಪು ಕೆಸರು ಬಂತು. ತೊಳೆದುಕೊಂಡು ದಂಡೆಗೆ ಹೋಗಿಬಿಟ್ಟಳು. ಉಳಿದದ್ದನ್ನು ನಾನೊಬ್ಬಳೇ ಅಗೆಯುತ್ತ ಹೋದೆ.

ಮರುದಿನ ನಲವತ್ತೂ ಆದ ಮೇಲೆ ಮೂರು ಸಲ ಕೂಡಿದೆ. ಬದುಕಿದ್ದು ಇಪ್ಪತ್ತಮೂರು.

ನಕ್ಷೆ ಸಾರ್ ಮುಖ ಸಿಂಡರಿಸಿಕೊಂಡು ಇಪ್ಪತ್ತಮೂರು ಚೌಕಕ್ಕೆ ಹಸಿರು ಬಳಿದರು. ಪತ್ರ ಹೋಯಿತು. ಕಾಲುವೆ ಬದುಕಿದ ಹುಲ್ಲನ್ನು ಸುತ್ತು ಹಾಕಿ, ಆಳದ ಕಡೆಯ ಬೂದಿ ಜಾಗದಲ್ಲಿ ಹೋಗುತ್ತದೆ. ಹೊಸ ನಮೂನೆಯೂ ಬಂತು: ಕೊನೆಯಲ್ಲಿ ‘ಇತರೆ’ ಎಂಬ ಕಾಲಂ, ಹೆಬ್ಬೆರಳಗಲ. ಇಷ್ಟೆಲ್ಲ ಆದ ಮೇಲೆ ‘ಇತರೆ’!

ಆಳದ ಕಡೆಯದು ಚಿಕ್ಕಮ್ಮನ ಜಾಗ. ಮೂರು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಪಾತ್ರೆಗಳ ಹತ್ತಿರ ಮಾತಾಡಿದಳು. “ಇಡೀ ಊರಿನ ಹುಲ್ಲು ಉಳಿಸ್ತಾಳಂತೆ, ಮನೆಯವಳದ್ದು ಮಾತ್ರ ಬೇಡ,” ಎಂದು ಬಾಣಲೆಗೆ ಹೇಳಿದಳು.

ನಾಲ್ಕನೇ ದಿನ ಇಳಿತದ ಹೊತ್ತಿಗೆ ನಾನು ಚೌಕಟ್ಟು ಎತ್ತಿಕೊಳ್ಳುವಾಗ ಅವಳು ಬುಟ್ಟಿ ಹಿಡಿದು ಹೊಸಿಲಲ್ಲಿ ನಿಂತಿದ್ದಳು.

“ಆ ಇಪ್ಪತ್ತಮೂರರಲ್ಲಿ ಮೊದಲನೇದು ಯಾವ ಕಡೆ, ತೋರ್ಸು,” ಎಂದಳು, ಬೀದಿ ನೋಡುತ್ತ. “ಅದಕ್ಕೂ ಕಾಲಂ ಇಲ್ಲ ಅನ್ಬೇಡ.”